ಮಿದುಳು ಮತ್ತು ಗ್ಲೂಕೋಸ್ ಡಬ್ಬಿ

ಪರೀಕ್ಷೆ ಸಮೀಪಿಸಿತೆಂದರೆ ಔಷಧಿ ಅಂಗಡಿಗಳಲ್ಲಿ ಗ್ಲೂಕೋಸ್ ಪುಡಿಯೂ ‘ಸ್ಮರಣಶಕ್ತಿ ವರ್ಧಕ’ಗಳೂ ಮುಂದಿನ ಸಾಲಿಗೆ ಬರುತ್ತವೆ. ಅವನ್ನು ಕೊಳ್ಳುವವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಇರುವುದರಿಂದಲೇ ಇದನ್ನು ಬರೆಯಬೇಕಾಯಿತು. ಮಾರುವವರ ವಾದ ಹೀಗಿದೆ: ಮಿದುಳಿನ ಇಂಧನ ಗ್ಲೂಕೋಸ್, ಓದುವ ಮಿದುಳಿಗೆ ಅದು ಇನ್ನೂ ಹೆಚ್ಚು ಬೇಕು, ಆದ್ದರಿಂದ ಡಬ್ಬಿ ಕೊಳ್ಳಿ. ಮೊದಲ ಮಾತು ನಿಜ. ಉಳಿದುದನ್ನು ನಾನು ಒಪ್ಪಲಾರೆ.

ದೇಹದ ತೂಕದಲ್ಲಿ ಶೇಕಡಾ 2ರಷ್ಟಿರುವ ಮಿದುಳು, ನಾವು ಸುಮ್ಮನೆ ಕುಳಿತಿರುವಾಗಲೂ ದೇಹದ ಶಕ್ತಿಯಲ್ಲಿ ಸುಮಾರು ಶೇಕಡಾ 20ನ್ನು ಬಳಸುತ್ತದೆ. ಕಠಿಣವಾದ ಲೆಕ್ಕ ಬಿಡಿಸುವಾಗ ಈ ಒಟ್ಟು ವೆಚ್ಚ ಏರುವುದು ಸಾಮಾನ್ಯವಾಗಿ ಶೇಕಡಾ 5ಕ್ಕಿಂತಲೂ ಕಡಿಮೆ. ಶಾಲೆಗಳಿಗೆ ಬಂದು ‘ನೀವು ಮಿದುಳಿನ ಹತ್ತನೆಯ ಒಂದು ಭಾಗವನ್ನು ಮಾತ್ರ ಬಳಸುತ್ತಿದ್ದೀರಿ’ ಎಂದು ಭಾಷಣ ಮಾಡಿ ಸಂಭಾವನೆ ಪಡೆದು ಹೋಗುವ ಮಹನೀಯರು ಈ ಅಂಕಿಗಳನ್ನು ನೋಡಿಲ್ಲವೆಂದು ಕಾಣುತ್ತದೆ. ಸೋಮಾರಿಯಾಗಿ ಕುಳಿತ ಒಂಬತ್ತು ಪಾಲು ಮಿದುಳು ಎಲ್ಲಿಯೂ ಇಲ್ಲ.

ಕೆಲಸದಲ್ಲಿ ತೊಡಗಿದ ಭಾಗದಲ್ಲಿ ಮಾತ್ರ ಬೇಡಿಕೆ ಹೆಚ್ಚುತ್ತದೆ. ಅದನ್ನು ಪೂರೈಸುವ ವ್ಯವಸ್ಥೆ ಅದ್ಭುತವಾದುದು. ನರಕೋಶಗಳ ನಡುವೆ ನಕ್ಷತ್ರಾಕಾರದ ಆಸ್ಟ್ರೋಸೈಟ್ ಕೋಶಗಳಿವೆ. 19ನೆಯ ಶತಮಾನದಲ್ಲಿ ಈ ಗುಂಪಿನ ಕೋಶಗಳಿಗೆ ‘ಅಂಟು’ ಎಂಬ ಅರ್ಥದ ಗ್ಲಯಾ ಎಂಬ ಹೆಸರು ಬಿತ್ತು; ಬಹುಕಾಲ ಅವನ್ನು ಬರಿಯ ಆಧಾರವೆಂದೇ ಎಣಿಸಿದರು. ಆಸ್ಟ್ರೋಸೈಟಿನ ಒಂದು ಪಾದ ರಕ್ತದ ಲೋಮನಾಳವನ್ನು ಹಿಡಿದಿರುತ್ತದೆ. ಇತರ ಚಾಚುಗಳು ನರಕೋಶಗಳು ಸಂಧಿಸುವ ಸ್ಥಳವನ್ನು ಸುತ್ತಿರುತ್ತವೆ. ನರಕೋಶವು ಸಂದೇಶಕ್ಕಾಗಿ ಗ್ಲುಟಮೇಟ್ ಸುರಿಸಿದಾಗ, ಅದನ್ನು ಸೋಡಿಯಂ ಸಮೇತ ಒಳಗೆಳೆದು ಆ ಜಾಗವನ್ನು ತೆರವು ಮಾಡುವುದು ಆಸ್ಟ್ರೋಸೈಟ್. ಒಳಬಂದ ಸೋಡಿಯಂ ಹೊರದೂಡಲು ಅದಕ್ಕೆ ಎ.ಟಿ.ಪಿ. ಬೇಕು, ಅದಕ್ಕಾಗಿ ಗ್ಲೂಕೋಸನ್ನು ಒಡೆದು ಲ್ಯಾಕ್ಟೇಟ್ ಮಾಡುತ್ತದೆ. ಆ ಲ್ಯಾಕ್ಟೇಟ್ ನರಕೋಶಕ್ಕೆ ಸಾಗಿ, ಅಲ್ಲಿನ ಮೈಟೋಕಾಂಡ್ರಿಯಾಗಳಲ್ಲಿ ಉರಿದು ಶಕ್ತಿಯಾಗುತ್ತದೆ. ಕೆಲಸ ಮಾಡಿದವನಿಗೆ, ಮಾಡಿದಷ್ಟಕ್ಕೆ, ನೆರೆಯವನೇ ಉಣಬಡಿಸಿದಂತೆ! ಪೆಲ್ಲರಿನ್ ಮತ್ತು ಮಾಜಿಸ್ಟ್ರೆಟ್ಟಿ ಎಂಬ ವಿಜ್ಞಾನಿಗಳು 1994ರಲ್ಲಿ ಮುಂದಿಟ್ಟ ವಿಚಾರವಿದು. ನರಕೋಶ ತಾನೇ ನೇರವಾಗಿ ಗ್ಲೂಕೋಸ್ ಎಷ್ಟು ಬಳಸುತ್ತದೆ, ನೆರೆಯವನಿಂದ ಎಷ್ಟು ಪಡೆಯುತ್ತದೆ ಎಂಬ ವಾದ ವಿಜ್ಞಾನಿಗಳ ನಡುವೆ ಇನ್ನೂ ಮುಗಿದಿಲ್ಲ. ಆದರೆ 2011ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗದಲ್ಲಿ, ಈ ಲ್ಯಾಕ್ಟೇಟ್ ಸಾಗಾಟಕ್ಕೆ ತಡೆಯೊಡ್ಡಿದಾಗ ದೀರ್ಘಕಾಲದ ನೆನಪು ನೆಲೆಗೊಳ್ಳಲಿಲ್ಲ.

(ಇದನ್ನು ಓದಿ ನಾಳೆ ಯಾರಾದರೂ ಲ್ಯಾಕ್ಟೇಟ್ ಡಬ್ಬಿ ಮಾರಲು ಹೊರಟರೆ ನಾನು ಹೊಣೆಯಲ್ಲ.)

ಈ ವ್ಯವಸ್ಥೆಯಲ್ಲಿ ನೀವು ಕಲಸಿಕೊಡುವ ಎರಡು ಚಮಚ ಪುಡಿಗೆ ಸ್ಥಾನವೆಲ್ಲಿ? ಉಂಡ, ಆರೋಗ್ಯವಂತ ಮಗುವಿನ ರಕ್ತದ ಸಕ್ಕರೆಯನ್ನು ಯಕೃತ್ತೂ ಇನ್ಸುಲಿನ್ನೂ ಸೇರಿ ಹದದಲ್ಲಿಟ್ಟಿರುತ್ತವೆ. ಹೆಚ್ಚಿಗೆ ಸುರಿದುದು ಬೀಜಗಣಿತವಾಗುವುದಿಲ್ಲ, ಕೊಬ್ಬಾಗಬಹುದು. ಮಧುಮೇಹವಿರುವ ಮಗುವಿನ ಸಕ್ಕರೆ ಕುಸಿದಾಗ ಗ್ಲೂಕೋಸ್ ಪ್ರಾಣ ಉಳಿಸುತ್ತದೆ, ಅದು ಬೇರೆ ವಿಷಯ. ಅಂಥ ಮನೆಯಲ್ಲಿ ಅದು ಕೈಗೆಟಕುವಂತೆ ಇರಲೇಬೇಕು.

ನನಗೆ ಸಿಟ್ಟು ಬರುವುದು ಹಣ ಪೋಲಾಗುವುದಕ್ಕಲ್ಲ. ಡಬ್ಬಿ ಕೊಟ್ಟಾಯಿತೆಂಬ ಧೈರ್ಯದಲ್ಲಿ ಹದಿನೈದರ ಮಕ್ಕಳನ್ನು ರಾತ್ರಿ ಒಂದರವರೆಗೆ ಕೂರಿಸಿ, ನಾಲ್ಕಕ್ಕೆ ಎಬ್ಬಿಸುತ್ತಾರಲ್ಲ, ಅದಕ್ಕೆ. ಓದಿದ್ದು ನೆಲೆಯೂರುವ ಕೆಲಸ ಬಹಳಷ್ಟು ನಡೆಯುವುದು ನಿದ್ರೆಯಲ್ಲಿ. ಕದ್ದ ನಿದ್ರೆಯನ್ನು ಯಾವ ಪುಡಿಯೂ ತುಂಬಿಕೊಡಲಾರದು.

‘ಹಾಗಾದರೆ ಮಗನಿಗೆ ಏನು ಕೊಡಲಿ, ಸಾರ್?’ ಎಂದು ಹಳೆಯ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ‘ನೀವೆಲ್ಲ ತಿನ್ನುವ ಉಪ್ಪಿಟ್ಟನ್ನೇ ಕೊಡು, ಹತ್ತಕ್ಕೆ ದೀಪ ಆರಿಸು’ ಎಂದೆ. ಡಬ್ಬಿಯನ್ನು ಆಗಲೇ ತಂದಾಗಿತ್ತಂತೆ, ಅದೂ ಎರಡು.