ಪಿಕಳಾರಕ್ಕೆ ಯಾವ ಹಣ್ಣು?

ಹಾಸನದ ಕಡೆಯ ಆರನೇ ತರಗತಿ ಹುಡುಗಿಯೊಬ್ಬಳು ಎರಡು ಪುಟದ ಕಾಗದ ಬರೆದು ನನ್ನನ್ನು ನ್ಯಾಯಾಧೀಶನ ಕುರ್ಚಿಯಲ್ಲಿ ಕೂರಿಸಿದ್ದಾಳೆ. ಶಾಲೆಯ ಪುಸ್ತಕವೊಂದರಲ್ಲಿ ಅವಳು ಒಂದು ಚಿತ್ರ ನೋಡಿದಳಂತೆ. ಎಲೆ ಉದುರುವ ಶರತ್ಕಾಲ, ಕೊಂಬೆ ತುಂಬ ಕೆಂಪು ಹಣ್ಣಿನ ಗೊಂಚಲು, ಅದರ ಮೇಲೊಂದು ಹಕ್ಕಿ. ಅಂಥದ್ದೇ ಗಿಡ ತಮ್ಮ ಹಿತ್ತಲಿನಲ್ಲೂ ಇರಬೇಕು ಎಂದು ಅವಳ ಆಸೆ. ನರ್ಸರಿಯವರು ಹೊನ್ನಿನ ಬಣ್ಣದ ಹಣ್ಣು ಜೋತುಬೀಳುವ ಬೇಲಿಗಿಡವೊಂದನ್ನು ತೋರಿಸಿದ್ದಾರೆ. ತಾತ ಮಾತ್ರ, "ಹಣ್ಣು ಅಂದರೆ ಮನುಷ್ಯರೂ ತಿನ್ನೋ ಹಾಗಿರಬೇಕು, ಸೀಬೆಗಿಡ ಹಾಕು" ಎನ್ನುತ್ತಿದ್ದಾರೆ. ಮನೆಯಲ್ಲಿ ಎರಡು ವರ್ಷದ ತಮ್ಮನಿದ್ದಾನೆ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾನೆ ಎಂದೂ ಬರೆದಿದ್ದಾಳೆ. ಆ ಒಂದು ಸಾಲು ನನಗೆ ಬಹಳ ಉಪಯೋಗಕ್ಕೆ ಬಂತು.

ಮೊದಲು ಆ ಚಿತ್ರದ ಮಾತು. ಅದು ಚಳಿದೇಶದ ಚಿತ್ರ. ಅಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಬಂತೆಂದರೆ ಹುಳುಹುಪ್ಪಟೆ ಕಡಿಮೆಯಾಗುತ್ತದೆ. ದಕ್ಷಿಣಕ್ಕೆ ಹಾರಬೇಕಾದ ಹಕ್ಕಿಗಳು ಮೈಯಲ್ಲಿ ಕೊಬ್ಬು ತುಂಬಿಕೊಳ್ಳಬೇಕು, ಉಳಿಯುವ ಹಕ್ಕಿಗಳು ಚಳಿ ಕಳೆಯಬೇಕು. ಆಗ ಅವುಗಳ ಹೊಟ್ಟೆಗೆ ಆ ಕೆಂಪು ಹಣ್ಣೇ ಗತಿ. ನಮ್ಮ ಶರದೃತು ಹಾಗಲ್ಲ. ಆಶ್ವಯುಜ, ಕಾರ್ತಿಕದಲ್ಲಿ ಮಳೆ ಈಗಷ್ಟೇ ಹಿಂದೆಗೆದಿರುತ್ತದೆ, ಬೇಲಿಯೆಲ್ಲ ಹಸಿರು, ಹುಳುಗಳಿಗೂ ಬರವಿಲ್ಲ. ನಮ್ಮ ಮರಗಳು ಎಲೆ ಉದುರಿಸುವುದು ಇನ್ನೂ ಎಷ್ಟೋ ದಿನಗಳ ಮೇಲೆ. ಆದರೂ ಈ ಹೊತ್ತಿಗೆ ಹಣ್ಣಾಗುವ ಗಿಡ ನಮ್ಮಲ್ಲೂ ಇವೆ. ಅವು ನರ್ಸರಿಯ ಮುಂದಿನ ಸಾಲಿನಲ್ಲಿ ಇರುವುದಿಲ್ಲ, ಅಷ್ಟೇ.

ನರ್ಸರಿಯವರು ತೋರಿಸಿದ ಗಿಡದ ಹೆಸರು ಡುರಾಂಟ. (ಬೋರ್ಡಿನ ಮೇಲೆ 'ದುರಂತ' ಎಂದು ಬರೆದದ್ದನ್ನು ನಾನೇ ನೋಡಿದ್ದೇನೆ. ಹಳೆಯ ಕಾಲದ ಇಟಲಿಯ ಒಬ್ಬ ವೈದ್ಯರ ಹೆಸರಿನಿಂದ ಬಂದದ್ದದು, ನಮ್ಮ ದುರಂತಕ್ಕೂ ಅದಕ್ಕೂ ಸಂಬಂಧವಿಲ್ಲ.) ನೀಲಿ ಹೂವು, ಮಣಿಸರದಂಥ ಹಳದಿ ಹಣ್ಣು, ನೋಡಲು ಚೆಲುವೆಯೇ. ಪಿಕಳಾರ ಆ ಹಣ್ಣನ್ನು ತಿಂದು ಅರಗಿಸಿಕೊಳ್ಳುತ್ತದೆ. ಮನುಷ್ಯರಿಗೆ, ನಾಯಿಗಳಿಗೆ ಅದು ವಿಷ. ಹಕ್ಕಿ ತಿಂದ ಹಣ್ಣನ್ನು ನಾವೂ ತಿನ್ನಬಹುದು ಎಂಬ ಹಳೇ ನಂಬಿಕೆಯೊಂದಿದೆ. ಅದನ್ನು ದಯವಿಟ್ಟು ನಂಬಬೇಡಿ, ಮಕ್ಕಳೇ. ಎಲ್ಲವನ್ನೂ ಬಾಯಿಗೆ ಹಾಕುವ ತಮ್ಮನಿರುವ ಮನೆಗೆ ಡುರಾಂಟ ಬೇಡ. ಇಲ್ಲಿಗೆ ತಾತನಿಗೆ ಅರ್ಧ ಗೆಲುವು.

ಬೇಡ ಎನ್ನಲು ಇನ್ನೊಂದು ಕಾರಣವೂ ಇದೆ, ನನಗೆ ಅದೇ ದೊಡ್ಡದು. ಪಿಕಳಾರಕ್ಕೆ ಹಲ್ಲಿಲ್ಲ. ಬಟಾಣಿಯಷ್ಟಿನ ಹಣ್ಣನ್ನು ಇಡಿಯಾಗಿ ನುಂಗುತ್ತದೆ, ತಿರುಳು ಅರಗಿಸಿಕೊಂಡು ಬೀಜವನ್ನು ಹಿಕ್ಕೆಯಲ್ಲಿ ಹಾಕುತ್ತದೆ. ಸಾಮಾನ್ಯವಾಗಿ ಒಂದು ಗಂಟೆಯೊಳಗೇ ಈ ಕೆಲಸ ಮುಗಿದಿರುತ್ತದೆ, ಆದರೆ ಅಷ್ಟರಲ್ಲಿ ಹಕ್ಕಿ ನಿಮ್ಮ ಹಿತ್ತಲು ದಾಟಿ, ಪಕ್ಕದ ತೋಟ ದಾಟಿ, ಕೆರೆ ಏರಿಯ ಮೇಲೋ ಗುಡ್ಡದ ಮೇಲೋ ಕುಳಿತಿರುತ್ತದೆ. ನೀವು ನೆಟ್ಟದ್ದು ಒಂದೇ ಗಿಡ, ಹಕ್ಕಿ ನೆಡುವುದು ನೂರು.

ಲಂಟಾನದ ಕತೆ ಹೀಗೇ ಶುರುವಾದದ್ದು. ಹೂವು ಚೆನ್ನಾಗಿದೆ ಎಂದು ಅಮೆರಿಕ ಖಂಡದ ಈ ಗಿಡವನ್ನು 19ನೇ ಶತಮಾನದ ಆರಂಭದಲ್ಲಿ ಹಡಗಿನಲ್ಲಿ ತಂದು ತೋಟಗಳಲ್ಲಿ ಬೆಳೆಸಿದರು. ಅದರ ಕಪ್ಪು ಹಣ್ಣು ನಮ್ಮ ಹಕ್ಕಿಗಳಿಗೆ ರುಚಿಸಿತು. ಈಗ ಬಂಡೀಪುರಕ್ಕೋ ಬಿಳಿಗಿರಿರಂಗನ ಬೆಟ್ಟಕ್ಕೋ ಹೋದಾಗ ಬಸ್ಸಿನ ಕಿಟಕಿಯಿಂದ ನೋಡಿ, ಮರಗಳ ಕೆಳಗೆ ಆಳೆತ್ತರದ ಲಂಟಾನ ಪೊದೆ. ಅದರ ಅಡಿಯಲ್ಲಿ ಹುಲ್ಲು ಏಳುವುದಿಲ್ಲ, ಹುಲ್ಲಿಲ್ಲದ ಕಡೆ ಜಿಂಕೆಗೆ ಮೇವಿಲ್ಲ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದೇ ಲಂಟಾನದ ಕಡ್ಡಿಯಿಂದ ಕುರ್ಚಿ, ಮೇಜು ಮಾಡುತ್ತಾರೆ. ಎಷ್ಟು ಕುರ್ಚಿ ಮಾಡಿದರೂ ಮುಗಿಯದಷ್ಟು ಲಂಟಾನ ಇದೆ. ಯಾರೂ ಕೆಡುಕು ಬಯಸಿ ತಂದದ್ದಲ್ಲ, ತೋಟಕ್ಕೆ ಚೆಂದ ಎಂದು ತಂದದ್ದು. ಹಾಗಾಗಿ ಗಿಡ ಆರಿಸುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಇದೇ. ಇದರ ಬೀಜ ಗುಡ್ಡದಲ್ಲಿ ಬಿದ್ದು ಹುಟ್ಟಿದರೆ ನನಗೆ ಸಂತೋಷವೇ?

ಸಂತೋಷವೇ ಎನ್ನುವ ಗಿಡ ಒಂದಿದೆ, ನಮ್ಮ ರಾಜ್ಯದ ಮರ ಶ್ರೀಗಂಧ. ಗಂಧದ ಕೊರಡು ಎಲ್ಲರಿಗೂ ಗೊತ್ತು, ಗಂಧದ ಹಣ್ಣು ನೋಡಿದವರು ಕಡಿಮೆ. ಮೊದಲು ಹಸಿರು, ಆಮೇಲೆ ಕೆಂಪು, ಕೊನೆಗೆ ನೇರಳೆಹಣ್ಣಿನ ಬಣ್ಣ. ಒಳಗೆ ಒಂದೇ ಗಟ್ಟಿ ಬೀಜ. ಕೋಗಿಲೆ, ಕುಟ್ರುಹಕ್ಕಿ, ಪಿಕಳಾರ ಎಲ್ಲವೂ ಇದರ ಗಿರಾಕಿಗಳು. ಶ್ರೀಗಂಧಕ್ಕೆ ಒಂದು ವಿಚಿತ್ರ ಗುಣವಿದೆ. ಎಲೆಯಲ್ಲಿ ತನ್ನ ಆಹಾರ ತಾನೇ ಮಾಡಿಕೊಂಡರೂ ನೀರು, ಲವಣಕ್ಕಾಗಿ ಪಕ್ಕದ ಗಿಡದ ಬೇರಿಗೆ ತನ್ನ ಬೇರನ್ನು ಅಂಟಿಸಿ ಹೀರುತ್ತದೆ. ಜೊತೆ ಗಿಡವಿಲ್ಲದೆ ಒಂಟಿಯಾಗಿ ನೆಟ್ಟರೆ ಸೊರಗಿಹೋಗುತ್ತದೆ. ಹಕ್ಕಿಗೆ ಈ ಪಾಠ ಯಾರೂ ಹೇಳಿಕೊಟ್ಟಿಲ್ಲ. ಆದರೂ ಅದು ಹಣ್ಣು ನುಂಗಿ ಬೇಲಿಯ ಮೇಲೆ ಕುಳಿತು ಹಿಕ್ಕೆ ಹಾಕುತ್ತದೆ, ಬೇಲಿಯ ಬುಡದಲ್ಲಿ ಬೇರು ಹಿಡಿಯಲು ಹತ್ತಾರು ಗಿಡಗಳು ಕಾದಿರುತ್ತವೆ. ಹಳ್ಳಿಗಳಲ್ಲಿ ಬೇಲಿಸಾಲಿನಲ್ಲೇ ಗಂಧದ ಸಸಿ ಕಾಣಿಸುವುದಕ್ಕೆ ಇದೇ ಗುಟ್ಟು.

ಇದನ್ನು ಓದಿ ಅಜ್ಜ, ಅಜ್ಜಿಯರು ಹುಬ್ಬೇರಿಸುತ್ತಾರೆಂದು ಗೊತ್ತು. ಅವರ ಕಾಲದಲ್ಲಿ ಜಮೀನು ನಿಮ್ಮದಾದರೂ ಅದರಲ್ಲಿ ಬೆಳೆದ ಗಂಧದ ಮರ ಸರ್ಕಾರದ್ದು. ಬೇಲಿಯಲ್ಲಿ ಸಸಿ ಕಂಡರೆ ನಾಳೆ ಯಾಕೆ ತಕರಾರು ಎಂದು ಸದ್ದಿಲ್ಲದೆ ಕಿತ್ತುಹಾಕಿದವರೂ ಇದ್ದರು. 2001ರಲ್ಲಿ ಕರ್ನಾಟಕದ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ ಮರ ಜಮೀನಿನ ಒಡೆಯರದೇ ಆಯಿತು. ಕಡಿಯಬೇಕಾದರೆ ಮಾತ್ರ ಅರಣ್ಯ ಇಲಾಖೆಯ ಅನುಮತಿ ಬೇಕು. ಕಳ್ಳರ ಭಯ ಇಂದಿಗೂ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಕಳ್ಳನಿಗೆ ಬೇಕಾದ ಚೇಗು ಕಟ್ಟಲು ವರ್ಷಗಟ್ಟಲೆ ಬೇಕು, ಹಕ್ಕಿಗೆ ಬೇಕಾದ ಹಣ್ಣು ಎಳೆಯ ಮರದಲ್ಲೇ ಸಿಗುತ್ತದೆ. ಕಾಡಿನಲ್ಲಿ ಕಳ್ಳಸಾಗಣೆಯಿಂದ ಸೊರಗಿರುವ ಮರಕ್ಕೆ ಪಿಕಳಾರಗಳು ಉಚಿತವಾಗಿ ಬಿತ್ತನೆ ಮಾಡಿಕೊಡುತ್ತವೆ ಎಂದರೆ ನಾನಂತೂ ಒಂದು ಸಸಿ ನೆಡುತ್ತೇನೆ. ಕುಂಡದಿಂದಲೇ ಜೊತೆಗೆ ಒಂದು ತೊಗರಿ ಗಿಡ ಇರಲಿ, ಆಮೇಲೆ ಎರಡು ಮಾರು ದೂರದಲ್ಲಿ ಒಂದು ಹೊಂಗೆ.

ಹಿತ್ತಲೇ ಇಲ್ಲ, ಮೂರನೇ ಮಹಡಿಯ ಬಾಲ್ಕನಿ ಎನ್ನುವ ಮಕ್ಕಳಿಗೆ ಬಸಳೆ. ಹೌದು, ಅಡುಗೆಮನೆಯ ಬಸಳೆಯೇ. ಹಗಲು ಚಿಕ್ಕದಾಗುತ್ತ ಬಂದಾಗ ಹೂಬಿಡುವ ಗಿಡ ಅದು. ಆದ್ದರಿಂದ ಮಳೆ ನಿಂತ ಮೇಲೆ ಬಳ್ಳಿಯ ತುಂಬ ಕಪ್ಪು ನೇರಳೆ ಬಣ್ಣದ ಹಣ್ಣು ಕಚ್ಚುತ್ತದೆ. ಒಂದು ಗೇಣು ದಂಟನ್ನು ಕುಂಡದಲ್ಲಿ ಊರಿದರೆ ಸಾಕು, ಬೇರು ಬಿಡುತ್ತದೆ. ಕಷ್ಟ ಇರುವುದು ಬೇರೆ ಕಡೆ. ಕುಡಿ ಚಿವುಟುತ್ತಲೇ ಇದ್ದರೆ ಹಣ್ಣು ಆಗುವುದೆಲ್ಲಿ? ಹುಳಿಗೆ ಒಂದು ಬಳ್ಳಿ, ಹಕ್ಕಿಗೆ ಒಂದು ಬಳ್ಳಿ ಎಂದು ಅಜ್ಜಿಯ ಹತ್ತಿರ ಮೊದಲೇ ಒಪ್ಪಂದ ಮಾಡಿಕೊಳ್ಳಿ. ಆ ಹಣ್ಣಿನ ರಸದಿಂದ ಚಿತ್ರ ಬರೆಯಬಹುದು, ಶಾಲೆಯ ಬಿಳಿ ಅಂಗಿಯ ಮೇಲೆ ಮಾತ್ರ ಬೇಡ.

ಗಸಗಸೆ ಹಣ್ಣಿನ ಮರ ಯಾಕೆ ಹೇಳಲಿಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತೀರಿ. ಬೇಗ ಬೆಳೆಯುತ್ತದೆ, ವರ್ಷವಿಡೀ ಹಣ್ಣು, ಹಕ್ಕಿಗಳ ಜಾತ್ರೆ, ಮಕ್ಕಳ ಬಾಯಿಗೂ ಸಿಹಿ, ಎಲ್ಲ ನಿಜ. ಅದೂ ಅಮೆರಿಕ ಖಂಡದಿಂದ ಬಂದದ್ದೇ, ಗೋಡೆಯ ಸಂದಿಯಲ್ಲೆಲ್ಲ ಮೊಳೆಯುತ್ತದೆ. ಇರುವ ಮರ ಕಡಿಯಬೇಡಿ, ಹೊಸದಾಗಿ ನೆಡುವಾಗ ಶ್ರೀಗಂಧದ ಕಡೆ ನೋಡಿ.

ಇನ್ನು ತಾತನ ಸೀಬೆ. ಅದನ್ನೂ ಹಾಕಿ. ಗಿಳಿ, ಕುಟ್ರುಹಕ್ಕಿ, ಅಳಿಲು ಬಂದು ಅರ್ಧ ತಿಂದು ಅರ್ಧ ಬೀಳಿಸಿದಾಗ ತಾತ ಗೊಣಗಬಾರದು ಎಂಬ ಷರತ್ತಿನ ಮೇಲೆ.

ನೆಟ್ಟ ಮೇಲೆ ಆ ಗಿಡಗಳಿಗೆ ಹುಳುವಿನ ಔಷಧ ಹೊಡೆಯಬೇಡಿ, ಪಿಕಳಾರ ತನ್ನ ಮರಿಗಳಿಗೆ ಹುಳುಗಳನ್ನೂ ತಿನ್ನಿಸುತ್ತದೆ. ಮತ್ತೆ ಗುಂಡಿ ತೋಡುವ ಮೊದಲು ಬಟ್ಟೆ ಒಣಹಾಕುವ ಹಗ್ಗ ಎಲ್ಲಿದೆ ನೋಡಿಕೊಳ್ಳಿ. ಹಣ್ಣು ತಿಂದ ಹಕ್ಕಿಯ ಹಿಕ್ಕೆ ನೇರಳೆ ಬಣ್ಣದ್ದು, ತಾತನ ಪಂಚೆ ಬಿಳಿ.