ಭಕ್ಷಕಕೋಶದ ಬಲವೂ ಬೇವೂರಿನ ಬೇಳೆಯೂ

ಪರಕೀಯ ಸೂಕ್ಷ್ಮಾಣುಗಳನ್ನು ನುಂಗಿ ಜೀರ್ಣಿಸಿಕೊಳ್ಳುವುದೇ ಸ್ವಧರ್ಮವಾಗಿರುವ ಭಕ್ಷಕಕೋಶದ ಒಡಲಿನಲ್ಲಿಯೇ ಕ್ಷಯದ ದಂಡಾಣುವು ವರ್ಷಾನುವರ್ಷ ಬದುಕಿ ಉಳಿಯುವುದೆಂತು ಎಂಬ ಪ್ರಶ್ನೆಯನ್ನು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಗನಿರೋಧಶಾಸ್ತ್ರಜ್ಞ ಕೆ.ಎನ್. ಬಾಲಾಜಿಯವರು ಬಹುಕಾಲದಿಂದ ಬೆನ್ನಟ್ಟಿದ್ದಾರೆ. 1882ರಲ್ಲಿ ವಿಜ್ಞಾನಿ ಕಾಖ್ ಆ ದಂಡಾಣುವನ್ನು ಗುರುತಿಸಿದನು. ಅದೇ ವರ್ಷ ಇಟಲಿಯ ಮೆಸ್ಸೀನಾದ ಕಡಲತೀರದಲ್ಲಿ ಜೀವವಿಜ್ಞಾನಿ ಮೆಚ್ನಿಕಾಫನು ನಕ್ಷತ್ರಮೀನಿನ ಮರಿಗಳಲ್ಲಿ ಭಕ್ಷಕಕೋಶಗಳ ಕಾರ್ಯವನ್ನು ಕಂಡನು. ಅಂದು ಬೇರೆಬೇರೆಯಾಗಿ ತಿಳಿದುಬಂದ ದಂಡಾಣು, ಭಕ್ಷಕಕೋಶಗಳೆಂಬ ಈ ಎರಡು ವೈರಿಗಳ ಪರಸ್ಪರ ವ್ಯವಹಾರವೇ ಬಾಲಾಜಿಯವರಿಗೆ 2011ರ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿಯನ್ನು ತಂದಿತ್ತ ಸಂಶೋಧನೆಯ ವಸ್ತು.

ಅವರ ಪ್ರಯೋಗಾಲಯವು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಕ್ಷಯದ ಲಸಿಕೆಯಲ್ಲಿ ಬಳಸುವ ಬಿಸಿಜಿ ದಂಡಾಣುವು ಭಕ್ಷಕಕೋಶವನ್ನು ಹೊಕ್ಕಾಗ, ಭ್ರೂಣದ ಅಂಗಾಂಗಗಳು ರೂಪುಗೊಳ್ಳುವಲ್ಲಿ ದುಡಿಯುವ ನಾಚ್ ಎಂಬ ಸಂಕೇತಮಾರ್ಗವು ಎಚ್ಚತ್ತು, ಉರಿಯೂತದ ಸಂದೇಶಗಳಿಗೆ ಕಡಿವಾಣವಿಕ್ಕುವ ಸಾಕ್ಸ್-3 ಎಂಬ ಪ್ರೋಟೀನನ್ನು ಹೆಚ್ಚಿಸುವುದು. ದೇಹವು ತನ್ನ ರಕ್ಷಣೆಗೆಂದು ಇರಿಸಿಕೊಂಡ ಕಡಿವಾಣವೇ ಶತ್ರುವಿಗೆ ಅನುಕೂಲವಾಗಬಹುದೆಂಬ ಈ ವಿಚಾರವು ನನಗೆ ಬಹು ಗಹನವಾಗಿ ತೋರುತ್ತದೆ. ಕಡಿವಾಣವನ್ನೇ ಕಿತ್ತೊಗೆಯೋಣವೆಂದರೆ ಅದೂ ಸಲ್ಲದು. ಹಂಚಿನ ಕೆಳಗಿನ ಉರಿ ಸಾಲದಿದ್ದರೆ ಜೋಳದ ರೊಟ್ಟಿ ಹಸಿಯಾಗಿಯೇ ಉಳಿದು, ಹೆಚ್ಚಾದರೆ ಸೀದುಹೋಗುವಂತೆ, ಉರಿಯೂತವು ಕುಗ್ಗಿದರೆ ದಂಡಾಣು ಹಬ್ಬುವುದು, ಮಿತಿಮೀರಿದರೆ ಶ್ವಾಸಕೋಶವೇ ಕರಗಿ ಕುಳಿಬೀಳುವುದು. ಮಿದುಳುಪೊರೆಯ ಕ್ಷಯದಲ್ಲಿ ದಂಡಾಣುನಾಶಕ ಔಷಧಗಳೊಡನೆ ಉರಿಯೂತವನ್ನು ತಗ್ಗಿಸುವ ಸ್ಟಿರಾಯ್ಡನ್ನೂ ವೈದ್ಯರು ಕೊಡುವುದು ಇದೇ ಕಾರಣದಿಂದ.

ಕೊಪ್ಪಳ ಜಿಲ್ಲೆಯ ಯಲಬುರ್ಗಾ ಸೀಮೆಯ ಬೇವೂರಿನಲ್ಲಿ ಕುಳಿತು ಇದನ್ನು ಓದುವವರಿಗೆ ಇದೆಲ್ಲ ದೂರದ ಪ್ರಯೋಗಾಲಯದ ಮಾತೆಂದು ತೋರಬಾರದು. ಪಕ್ಕದ ಕುಷ್ಟಗಿ ಸೀಮೆಯ ಗ್ರಾನೈಟ್ ಗಣಿಗಳಲ್ಲಿ ಬಂಡೆಗೆ ಕುಳಿ ಕೊರೆಯುವಾಗ ಏಳುವ ಸಿಲಿಕಾ ಧೂಳು ಕೂಲಿಯವನ ಎದೆಯೊಳಗೆ ಇಳಿದರೆ, ಅದನ್ನು ನುಂಗಿದ ಭಕ್ಷಕಕೋಶವು ಕರಗಿಸಲಾರದೆ ತಾನೇ ಸಾಯುತ್ತದೆ, ಉರಿಯೂತ ಕೆರಳುತ್ತದೆ, ಕ್ಷಯಕ್ಕೆ ದಾರಿ ತೆರೆಯುತ್ತದೆ. ಇನ್ನು ಭಕ್ಷಕಕೋಶವಾಗಲಿ, ಅದನ್ನು ಹುರಿದುಂಬಿಸುವ ಟಿ-ಕೋಶವಾಗಲಿ ನಾವು ಉಂಡ ಅನ್ನದಿಂದಲೇ ಆದಂಥವು. ಕೂಳು ಸಾಲದ ದೇಹದಲ್ಲಿ ಅವುಗಳ ಬಲವೂ ಸಂಖ್ಯೆಯೂ ಕುಂದುವುವು. ಮಳೆಯನ್ನೇ ನಂಬಿದ ಈ ಎರೆಭೂಮಿಯಲ್ಲಿ ಬರ ಬಿದ್ದ ವರ್ಷ ಮೊದಲು ಕಡಿಮೆಯಾಗುವುದು ಸಾರಿನೊಳಗಿನ ಬೇಳೆ.

ಇದು ಕೇವಲ ತರ್ಕವಲ್ಲವೆಂಬುದಕ್ಕೆ ನಮ್ಮ ನಾಡಿನವರೇ ಸಾಕ್ಷ್ಯವನ್ನು ಒದಗಿಸಿದ್ದಾರೆ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಸಂಗಡಿಗರು 2019ರಿಂದ 2022ರವರೆಗೆ ಜಾರ್ಖಂಡದಲ್ಲಿ 2,800 ಕ್ಷಯರೋಗಿಗಳ ಮನೆಗಳ 10,345 ಮಂದಿಯನ್ನು ಗಮನಿಸಿದರು. ಒಂದು ಗುಂಪಿನಲ್ಲಿ ರೋಗಿಗೆ ಮಾತ್ರ ಆಹಾರ. ಇನ್ನೊಂದರಲ್ಲಿ ರೋಗಿಗಲ್ಲದೆ ಮನೆಯ ಉಳಿದ ದೊಡ್ಡವರಲ್ಲಿ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿಬೇಳೆ, ಜೊತೆಗೆ ಜೀವಸತ್ತ್ವಗಳ ಗುಳಿಗೆ. ಎರಡನೆಯ ಗುಂಪಿನಲ್ಲಿ ಹೊಸದಾಗಿ ಕ್ಷಯ ತಗುಲುವುದು ಶೇ 39ರಷ್ಟು ತಗ್ಗಿತು. ಇಷ್ಟು ಅಗ್ಗದ, ಇಷ್ಟು ಪರಿಚಿತವಾದ ವಸ್ತುವೊಂದು ಇಂಥ ಫಲವನ್ನು ಕೊಟ್ಟುದನ್ನು ಯಾವ ಸರ್ಕಾರವೂ ಅಲಕ್ಷಿಸಲಾಗದು.

ಆದರೆ ರೋಗಿಯ ಖಾತೆಗೆ 2024ರ ನವೆಂಬರಿನಿಂದ ತಿಂಗಳಿಗೆ 1,000 ರೂಪಾಯಿ ಜಮೆಯಾಗುತ್ತಿದ್ದರೂ, ಮನೆಮಂದಿಯ ಆಹಾರದ ಬುಟ್ಟಿಯು ನಿಕ್ಷಯ ಮಿತ್ರರೆಂಬ ದಾನಿಗಳ ಔದಾರ್ಯವನ್ನು ಕಾದಿರಬೇಕಾಗಿದೆ. ಕೊರತೆಯು ರೋಗಿಯದಲ್ಲ, ವ್ಯವಸ್ಥೆಯದೆಂಬುದು ಹೊಸ ಮಾತೇನಲ್ಲ. 1963ರಲ್ಲಿ ಸಂಶೋಧಕರಾದ ಬ್ಯಾನರ್ಜಿ ಮತ್ತು ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳ ಅಧ್ಯಯನದಿಂದ ತೋರಿಸಿಕೊಟ್ಟುದೇನೆಂದರೆ, ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ ತಾವಾಗಿಯೇ ಆಸ್ಪತ್ರೆಗೆ ಬಂದಿದ್ದರೂ, ಕೆಮ್ಮಿನ ಔಷಧದ ಸೀಸೆಯೊಡನೆ ಹಿಂದಿರುಗಿದ್ದರು. ಬಡವನ ಅಜ್ಞಾನವನ್ನು ದೂರುವ ನಮ್ಮ ಅಧಿಕಾರಿವರ್ಗವು ಆ ವರದಿಯನ್ನು ಇಂದಿಗೂ ಓದಬೇಕು. ಇನ್ನು ಆಹಾರದ ಬುಟ್ಟಿಯಂತೆ ದಾನದ ಮೇಲೆ ನಿಂತ ವ್ಯವಸ್ಥೆಯು ಬರಗಾಲದಲ್ಲಿ ಮೊದಲು ಕುಸಿಯುವಂಥದು. ಆದುದರಿಂದ ಕೊಪ್ಪಳ ಜಿಲ್ಲೆಯಲ್ಲಿ ಕ್ಷಯ ಪತ್ತೆಯಾದ ಪ್ರತಿಯೊಂದು ಮನೆಗೂ, ಅನ್ನಭಾಗ್ಯದ ಅಕ್ಕಿಯನ್ನು ಕೊಡುವ ನ್ಯಾಯಬೆಲೆ ಅಂಗಡಿಯಿಂದಲೇ, ಈ ನೆಲದ ಜೋಳವನ್ನೂ ಕಡಲೆಯನ್ನೂ ತೊಗರಿಬೇಳೆಯನ್ನೂ ತಲೆಯೆಣಿಕೆಯಂತೆ ಹಕ್ಕಾಗಿ ಕೊಡುವ ಆದೇಶವನ್ನು ರಾಜ್ಯ ಸರ್ಕಾರವು ಹೊರಡಿಸಬೇಕು.