ನಾಗಪುರದ ರೆಸಿಡೆಂಟ್ ಡಾಕ್ಟರುಗಳ ಮೂವತ್ತಾರು ಗಂಟೆ

ನಾಗಪುರದಲ್ಲಿ ‘ಮೆಡಿಕಲ್’ ಎಂದರೆ ಸಾಕು, ಆಟೋದವರು 1947ರಲ್ಲಿ ಶುರುವಾದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಒಯ್ಯುತ್ತಾರೆ. ‘ಮೇಯೋ’ ಎಂದರೆ ಇಂದಿರಾ ಗಾಂಧಿ ಸರ್ಕಾರಿ ವೈದ್ಯಕೀಯ ಕಾಲೇಜು. ವಿದರ್ಭವಷ್ಟೇ ಅಲ್ಲ, ಮಧ್ಯಪ್ರದೇಶ, ಛತ್ತೀಸಗಢ, ತೆಲಂಗಾಣದ ಗಡಿಭಾಗಗಳಲ್ಲಿ ಡಾಕ್ಟರು ಕೈಚೆಲ್ಲಿದ ಕೇಸುಗಳೂ ಕಡೆಗೆ ಬಂದು ಸೇರುವುದು ಇಲ್ಲಿಗೇ. ಹುಬ್ಬಳ್ಳಿಯ ಕಿಮ್ಸ್ ಕಂಡವರಿಗೆ ಇದು ಗೊತ್ತಿರುವ ನೋಟ. ಸರ್ಕಾರಿ ಕಾಲೇಜುಗಳ ಪಿಜಿ ಸೀಟಿನಲ್ಲಿ ಅರ್ಧದಷ್ಟು ಅಖಿಲ ಭಾರತ ಕೋಟಾಕ್ಕೆ ಹೋಗುವುದರಿಂದ, ನಾಗಪುರದಲ್ಲಿ ರಾತ್ರಿಯೆಲ್ಲ ಎಚ್ಚರಿರುವ ಡಾಕ್ಟರು ನಮ್ಮ ಗದಗಿನ ಹುಡುಗಿಯೇ ಆಗಿರಬಹುದು.

ಪಿಜಿ ಓದುತ್ತಲೇ ಆಸ್ಪತ್ರೆಯಲ್ಲಿ ದುಡಿಯುವ ಈ ರೆಸಿಡೆಂಟ್ ಡಾಕ್ಟರುಗಳನ್ನು ಕಾಡುವ ಬರ್ನ್‌ಔಟ್ ಅನ್ನು ಬರೀ ಸುಸ್ತು ಎಂದುಕೊಳ್ಳಬಾರದು. ಸುಸ್ತಾದವರು ಎರಡು ದಿನ ಮಲಗಿದರೆ ಸರಿಹೋಗುತ್ತಾರೆ. ಬರ್ನ್‌ಔಟ್‌ಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮೂರು ಗುರುತು ಹೇಳಿತು: ಶಕ್ತಿಯೆಲ್ಲ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರವಾಗಿ ತಿರಸ್ಕಾರ ಹುಟ್ಟುವುದು, ತನ್ನ ಕೈಯಲ್ಲಿ ಏನೂ ಆಗದು ಎನಿಸುವುದು. ಇದನ್ನು ಅದು ಕಾಯಿಲೆಗಳ ಸಾಲಿಗೆ ಸೇರಿಸಲಿಲ್ಲ. ಕೆಲಸದ ಜಾಗದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಬಿಟ್ಟಾಗ ಹುಟ್ಟುವ ಸ್ಥಿತಿ ಎಂದಿತು. ಹಾಗಿದ್ದ ಮೇಲೆ ತಪಾಸಣೆ ಆಗಬೇಕಾದ್ದು ಮೊದಲು ಆಸ್ಪತ್ರೆಯ ಡ್ಯೂಟಿ ಪಟ್ಟಿಗೆ.

ಆ ಪಟ್ಟಿ ನಡೆಯುವ ಬಗೆ ಹೀಗೆ. ದೊಡ್ಡ ಸರ್ಕಾರಿ ಆಸ್ಪತ್ರೆಯ ಪ್ರತಿ ವಿಭಾಗದಲ್ಲೂ ಕೆಲವು ಯೂನಿಟ್‌ಗಳಿರುತ್ತವೆ. ಒಂದೊಂದಕ್ಕೂ ವಾರದಲ್ಲಿ ಗೊತ್ತಾದ ಎಮರ್ಜೆನ್ಸಿ ದಿನ. ಆ ದಿನ ಬೆಳಿಗ್ಗೆ ಓಪಿಡಿ, ಮಧ್ಯಾಹ್ನದಿಂದ ಇಡೀ ರಾತ್ರಿ ಹೊಸ ರೋಗಿಗಳ ಭರ್ತಿ. ಬೆಳಗಾದರೆ ಅದೇ ರೋಗಿಗಳ ರೌಂಡ್ಸ್, ಡ್ರೆಸಿಂಗ್, ರಿಪೋರ್ಟು, ಆಪರೇಷನ್. ಮರುದಿನ ಕೆಲಸ ವಹಿಸಿಕೊಳ್ಳಲು ಬೇರೆ ಕೈಗಳಿಲ್ಲದ ಕಾರಣ ಪಿಜಿ ಮೊದಲ ವರ್ಷದವರ ಪಾಳಿ ಸಂಜೆಯವರೆಗೂ ಎಳೆಯುತ್ತದೆ. ಯಾರೂ ದುಷ್ಟತನದಿಂದ ಮೂವತ್ತಾರು ಗಂಟೆ ಎಂದು ಬರೆದಿಲ್ಲ, ಲೆಕ್ಕವೇ ಅಲ್ಲಿಗೆ ಬಂದು ನಿಲ್ಲುತ್ತದೆ.

ನಿಯಮ ಇಲ್ಲವೆಂದಲ್ಲ. ಕೇಂದ್ರ ಸರ್ಕಾರದ 1992ರ ರೆಸಿಡೆನ್ಸಿ ಯೋಜನೆ ದಿನಕ್ಕೆ 12, ವಾರಕ್ಕೆ 48 ಗಂಟೆ ಎಂದಿತ್ತು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಪಿಜಿ ನಿಯಮ ಸಂಖ್ಯೆಯನ್ನೇ ಬಿಟ್ಟು ‘ಸಮಂಜಸ’ ಅವಧಿ ಎಂದು ನುಣುಚಿಕೊಂಡಿತು. 2024ರಲ್ಲಿ ಅದೇ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರಬಾರದೆಂದು ಶಿಫಾರಸು ಮಾಡಿತು. ಮೂವತ್ತೆರಡು ವರ್ಷಗಳ ನಂತರದ ಸುಧಾರಣೆ, ಹಳೆಯ ಮಿತಿಗಿಂತ 26 ಗಂಟೆ ಹೆಚ್ಚು! ಅದೇ ವರ್ಷ ಕೋಲ್ಕತ್ತದ ಆರ್‌.ಜಿ. ಕರ್ ಆಸ್ಪತ್ರೆಯಲ್ಲಿ ಸುದೀರ್ಘ ಪಾಳಿಯ ನಡುವೆ ವಿಶ್ರಮಿಸಲು ಹೋದ ವೈದ್ಯೆಯ ಕೊಲೆಯಾದಾಗ ನಾಗಪುರದ ರೆಸಿಡೆಂಟರೂ ಮುಷ್ಕರಕ್ಕಿಳಿದಿದ್ದರು. 36 ಗಂಟೆಯ ಪಾಳಿ ಅಮಾನವೀಯ ಎಂದು ಸುಪ್ರೀಂ ಕೋರ್ಟ್ ಆಗ ಹೇಳಿತು.

ರೋಗಿಗೆ ಇದರಿಂದ ಏನಾಗುತ್ತದೆ? 17 ಗಂಟೆ ನಿದ್ದೆಗೆಟ್ಟವರ ಚುರುಕುತನ, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇರುವವರಷ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. ನಮ್ಮಲ್ಲಿ 30 ಮಿಲಿಗ್ರಾಂ ದಾಟಿದವರು ಸ್ಕೂಟರ್ ಓಡಿಸುವಂತಿಲ್ಲ.

ಆದರೂ ಗಂಟೆಗಳ ಲೆಕ್ಕವೊಂದೇ ಕಾರಣವಲ್ಲ. 2023ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ನಾಂದೇಡ್ ಸರ್ಕಾರಿ ಆಸ್ಪತ್ರೆಯಲ್ಲಿ ಹಲವು ರೋಗಿಗಳು ಒಮ್ಮೆಲೇ ಸತ್ತ ಬೆನ್ನಲ್ಲೇ ನಾಗಪುರದ ಈ ಎರಡೂ ಆಸ್ಪತ್ರೆಗಳ ಸಾವುಗಳೂ ಸುದ್ದಿಯಾದವು, ಬಾಂಬೆ ಹೈಕೋರ್ಟ್ ತಾನಾಗಿ ಪ್ರಕರಣ ಕೈಗೆತ್ತಿಕೊಂಡಿತು. ಹಲವರು ಖಾಸಗಿ ಆಸ್ಪತ್ರೆಗಳಿಂದ ಕೊನೆ ಗಳಿಗೆಯಲ್ಲಿ ಬಂದವರು ಎಂದು ಆಡಳಿತ ಹೇಳಿತು. ನಿಜವೇ ಇರಬಹುದು. ಆದರೆ ಆ ಕೊನೆ ಗಳಿಗೆಯಲ್ಲಿ ಹಾಸಿಗೆಯ ಪಕ್ಕ ನಿಂತು ಮನೆಯವರಿಗೆ ವಿಷಯ ತಿಳಿಸಬೇಕಾದವರು ಇಪ್ಪತ್ತಾರರ ಹರೆಯದ ರೆಸಿಡೆಂಟ್. ಏನು ಮಾಡಬೇಕೆಂದು ಗೊತ್ತಿದೆ, ಮಾಡಲು ವೆಂಟಿಲೇಟರ್ ಖಾಲಿಯಿಲ್ಲ. ಈ ಅಸಹಾಯಕತೆ ನಿದ್ದೆಗೇಡಿಗಿಂತ ಆಳವಾಗಿ ಕೊರೆಯುತ್ತದೆ. ನಾಲ್ಕನೇ ದರ್ಜೆಯ ಹುದ್ದೆಗಳು ಖಾಲಿ ಬಿದ್ದಲ್ಲಿ ಸ್ಟ್ರೆಚರ್ ತಳ್ಳುವುದು, ರಕ್ತದ ಸ್ಯಾಂಪಲ್ ಲ್ಯಾಬಿಗೆ ಒಯ್ಯುವುದೂ ಅವರ ಪಾಲಿಗೇ. ಔಷಧಿ ಹೊರಗಿನಿಂದ ತರಬೇಕಾಗಿ ಬಂದರೆ ಬೈಗುಳ, ಒಮ್ಮೊಮ್ಮೆ ಏಟು ಕೂಡ ಚೀಟಿ ಬರೆದವರಿಗೇ.

ದೂರುವುದು ಸುಲಭವಲ್ಲ. ಥೀಸಿಸ್‌ಗೆ ಸಹಿ ಹಾಕುವ ಗೈಡ್ ಮತ್ತು ಡ್ಯೂಟಿ ಹಾಕುವ ಯೂನಿಟ್ ಮುಖ್ಯಸ್ಥರು ಹೆಚ್ಚಾಗಿ ಒಬ್ಬರೇ. ಸೀಟು ಬಿಟ್ಟು ಹೋದರೆ ಹಲವು ರಾಜ್ಯಗಳಲ್ಲಿ ಲಕ್ಷಗಟ್ಟಲೆ ದಂಡ. ‘ನಾವೂ ಹೀಗೇ ಕಲಿತವರು’ ಎಂಬ ಹಿರಿಯರ ಮಾತು ಬೇರೆ. ಇಷ್ಟೆಲ್ಲದರ ನಡುವೆ ಯೋಗ ಶಿಬಿರ, ಒತ್ತಡ ನಿರ್ವಹಣೆಯ ಉಪನ್ಯಾಸ ಏರ್ಪಡಿಸಿ, ಡ್ಯೂಟಿ ಮುಗಿಸಿದವರನ್ನೇ ಅಲ್ಲಿ ಕೂರಿಸುವುದು ನನ್ನ ಮಟ್ಟಿಗೆ ಚಿಕಿತ್ಸೆಯಲ್ಲ, ಇನ್ನೊಂದು ಡ್ಯೂಟಿ.

ಗಂಟೆ ಕಡಿತವೇ ಪೂರ್ಣ ಪರಿಹಾರ ಎನ್ನುವುದೂ ಆತುರ. ಅಮೆರಿಕ 2003ರಲ್ಲಿ ವಾರಕ್ಕೆ 80 ಗಂಟೆಯ ಮಿತಿ ಹಾಕಿತು. ರೋಗಿಗಳ ಸಾವು ಅದರಿಂದ ಸ್ಪಷ್ಟವಾಗಿ ಇಳಿಯಿತೆಂದು ಹೇಳಲಾಗಲಿಲ್ಲ. ಪಾಳಿ ಬದಲಾದಷ್ಟೂ ಒಬ್ಬರಿಂದ ಇನ್ನೊಬ್ಬರಿಗೆ ಮಾಹಿತಿ ದಾಟಿಸುವಾಗ ಎಡವುವ ಅಪಾಯ ಹೆಚ್ಚು. ಗಂಟೆ ಇಳಿಸಿ ಜನರನ್ನು ಹೆಚ್ಚಿಸದಿದ್ದರೆ ಅದೇ ಕೆಲಸವನ್ನು ಓಡುತ್ತ ಮಾಡಿದಂತಾಗುತ್ತದೆ. ಹಾಗಾಗಿ ಮಿತಿಯ ಜೊತೆಗೇ ಹುದ್ದೆ ಭರ್ತಿಯಾಗಬೇಕು. ಹುದ್ದೆ ಮಂಜೂರಾತಿ ಡೀನ್ ಕೈಯಲ್ಲಿಲ್ಲ, ಮುಂಬೈಯ ಸಚಿವಾಲಯದ ಕೈಯಲ್ಲಿದೆ. ನಮ್ಮ ಬೆಳಗಾವಿ ಅಧಿವೇಶನದಂತೆ ಚಳಿಗಾಲದಲ್ಲಿ ಮಹಾರಾಷ್ಟ್ರ ಸರ್ಕಾರವೇ ನಾಗಪುರಕ್ಕೆ ಬಂದು ಕೂರುತ್ತದೆ. ಖಾಲಿ ಹುದ್ದೆಗಳ ಪಟ್ಟಿಯನ್ನೂ ಮೆಡಿಕಲ್‌ನ ಒಂದು ತಿಂಗಳ ನಿಜವಾದ ಡ್ಯೂಟಿ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ಸದನದಲ್ಲಿ ಮಂಡಿಸಿ ಎಂದು ವಿದರ್ಭದ ಶಾಸಕರು ಆಗ ಕೇಳಬಹುದು.